ಹಳದಿ ಯಾರದು?

ನಮ್ಮ ಅತ್ತಿಗೆಯ ಮನೆಗೆ ಕೆಂಪು ಬಟ್ಟೆ ಹಾಕಿಕೊಂಡು ಹೋಗಬೇಡಿ. ಹೋದರೆ ಕಾಫಿ ಬರುವುದು ತಡವಾಗುತ್ತದೆ. ಅತ್ತಿಗೆ ಮೊದಲು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೆ, ಏನಾಯ್ತು? ಮನೇಲಿ ಎಲ್ರೂ ಉಸಾರಾಗವ್ರಾ?" ಎಂದು ಕೇಳುತ್ತಾರೆ. ಅವರ ಪ್ರಕಾರ ಕೆಂಪು ಎಂದರೆ ಅಪಾಯ. ಅಪಾಯವಿಲ್ಲದ ಕಡೆ ಕೆಂಪು ತೋರಿಸುವುದೂ ಒಂದೇ, ಸುಳ್ಳು ಹೇಳುವುದೂ ಒಂದೇ. ನನ್ನ ಗಂಡ ಆಸೆಯಿಂದ ತಂದುಕೊಟ್ಟ ಕೆಂಪು ಸೀರೆಯನ್ನು ನಾನು ಗುಂಡ್ಲುಪೇಟೆಯಿಂದ ತವರಿಗೆ ಒಯ್ದು, ಬ್ಯಾಗಿನಿಂದ ಹೊರಗೇ ತೆಗೆಯದೆ ವಾಪಸು ತಂದಿದ್ದೇನೆ. ಹಾಗಂತ ಅತ್ತಿಗೆಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಕೆಟ್ಟಿರುವುದು ನಮ್ಮೆಲ್ಲರ ತಲೆ.

ಅತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ, ಕುದೇರಿನವರು. ಚಾಮರಾಜನಗರದಲ್ಲಿ ರೈತರೇ ಸೇರಿ ಕಟ್ಟಿಕೊಂಡ ಒಂದು ಕಂಪನಿಯಲ್ಲಿ ಅವರಿಗೆ ಕೆಲಸ. ಸುತ್ತಲ ಹಳ್ಳಿಗಳಿಂದ ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಚೆಂಡುಹೂ ಎತ್ತಿ ಸಾಗಿಸುವ ಕಂಪನಿ. ಮೊದಲು ತೂಕದ ಮೇಜಿನಲ್ಲಿ ಕೂತು ಚೀಟಿ ಬರೆಯುತ್ತಿದ್ದರು. ಆಮೇಲೆ ಅನ್ನಕ್ಕಿಟ್ಟು, ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಡ್ಯಾಶ್‌ಬೋರ್ಡ್ ಮಾಡುವುದನ್ನು ಕಲಿತುಬಿಟ್ಟರು. ಆ ದಿನಗಳಲ್ಲಿ ನಮ್ಮ ಮನೆಯವರು ಎಷ್ಟು ಸೀದ ಅನ್ನ ತಿಂದಿದ್ದಾರೆಂಬುದಕ್ಕೆ ಲೆಕ್ಕವಿಲ್ಲ.

"ಡ್ಯಾಶ್‌ಬೋರ್ಡಾ? ಕಾರಲ್ಲಿ ಗಣೇಶನ್ನ ಅಂಟಿಸ್ತಾರಲ್ಲ, ಅದಾ?" ಎಂದು ನಾನು ಕೇಳಿದ್ದೆ.

"ಅದಲ್ಲ ಕಣಮ್ಮಿ. ಯಾವೂರಲ್ಲಿ ಯಾವ ಮಾಲು ಎಷ್ಟದೆ ಅಂತ ಆಫೀಸ್ ಟೀವೀಲಿ ಬಣ್ಣದ ಕಂಬದಂಗೆ ಕಾಣ್ತದೆ. ಕಂಬ ಒತ್ತುದ್ರೆ ಊರು ತೆರ್ಕತದೆ, ಊರು ಒತ್ತುದ್ರೆ ರೈತ್ರ ಎಸ್ರು ತೆರ್ಕತವೆ. ಆದ್ರೆ ಎಲ್ಲಿಗೋದ್ರೂ ಬಣ್ಣ ಬದ್ಲಾಗ್ಬಾರ್ದು. ಅದೇ ಥೀಮು."

ಥೀಮು! ಈ ಒಂದು ಪದ ನಮ್ಮ ಮನೆ ಹೊಕ್ಕ ಮೇಲೆ ಯಾರಿಗೂ ನೆಮ್ಮದಿಯಿಲ್ಲ. ಒಂದು ವಸ್ತುವಿಗೆ ಒಂದೇ ಬಣ್ಣ, ಒಂದು ಬಣ್ಣಕ್ಕೆ ಒಂದೇ ವಸ್ತು. ಇದು ಅತ್ತಿಗೆಯ ಶಾಸನ. ಅರಿಶಿನಕ್ಕೆ ಹಳದಿ, ಬಾಳೆಗೆ ಹಸಿರು, ಈರುಳ್ಳಿಗೆ ನೇರಳೆ, ಚೆಂಡುಹೂವಿಗೆ ಕೆಂಡದ ಬಣ್ಣ, ಅಂದರೆ ಕಿತ್ತಳೆ. ಆಫೀಸಿನಲ್ಲಿ ಏನಾದರೂ ಮಾಡಿಕೊಳ್ಳಲಿ ಎಂದು ನಾವು ಸುಮ್ಮನಿದ್ದೆವು. ಅದು ಅಡುಗೆಮನೆಗೆ ಬಂತು, ಬಚ್ಚಲಿಗೂ ಬಂತು. ಮನೆಯವರಿಗೆಲ್ಲ ತಲಾ ಒಂದು ಬಣ್ಣ ಹಂಚಿಕೆಯಾಯಿತು. ಲೋಟ, ಟವೆಲು, ಬಕೆಟ್ಟು, ಹಲ್ಲುಜ್ಜುವ ಬ್ರಷ್ಷು ಎಲ್ಲ ಅದೇ ಬಣ್ಣದ್ದು. ಅವ್ವನಿಗೆ ಆಕಾಶನೀಲಿ, ನನಗೆ ಕಾಫಿ, ಅಪ್ಪನಿಗೆ ಹಳದಿ, ಅತ್ತಿಗೆಗೆ ಬಿಳಿ. ಅಣ್ಣನ ಪಾಲಿಗೆ ಬಂದದ್ದು ಬೂದಿ.

"ನಂಗೆ ಹಸ್ರು ಬೇಕು" ಎಂದ ಅಣ್ಣ.

"ಹಸ್ರು ಬಾಳೇದು. ನೀವೇನ್ ಬಾಳೆಗೊನೆಯಾ?"

ಅಣ್ಣ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಬೂದಿಗೇ ಒಪ್ಪಿದ.

ಆದರೆ ಅಣ್ಣನೇನು ಸುಲಭಕ್ಕೆ ಬಗ್ಗುವವನೇ? ಥೀಮನ್ನೇ ಕಲಿತು ತಿರುಗಿಬಿದ್ದ. ಮೂರು ದಿನ ಬಿಡದೆ ಉಪ್ಪಿಟ್ಟಾದಾಗ ಹೆಗಲ ಮೇಲೆ ಒಂದು ಕೆಂಪು ಟವೆಲು ಹಾಕಿಕೊಂಡು ತಟ್ಟೆಯ ಮುಂದೆ ಕೂತ. ಬಾಯಲ್ಲಿ ಮಾತಿಲ್ಲ. ಅತ್ತಿಗೆ ಒಂದು ಗಳಿಗೆ ನೋಡಿದರು. ಬಂದವರೇ ತೋರುಬೆರಳಿನಿಂದ ಅವನ ಹೊಟ್ಟೆಗೆ ಒತ್ತಿದರು.

"ಏನೇ ಇದು?"

"ಬರೀ ಕೆಂಪು ತೋರ್ಸುದ್ರೆ ಆಯ್ತಾ? ಒತ್ತುದ್ರೆ ಒಳ್ಗಡೆ ಕಾರ್ಣ ಕಾಣ್ಬೇಕು. ಏನ್ ತೊಂದ್ರೆ ಅಂತ ಏಳಿ."

ಅಣ್ಣ ಉಪ್ಪಿಟ್ಟು ತಿಂದು ಎದ್ದ.

ನನ್ನ ಮಗ ಹುಟ್ಟಿದಾಗ ಇನ್ನೊಂದು ಪೇಚು. ತವರಿನ ಲೆಕ್ಕದಲ್ಲಿ ಬಣ್ಣಗಳೆಲ್ಲ ಮುಗಿದುಹೋಗಿದ್ದವು. ಅಪ್ಪ ತೀರಿಕೊಂಡು ಅಷ್ಟೊತ್ತಿಗೆ ಒಂದು ವರ್ಷವಾಗಿತ್ತು. "ಅಪ್ಪನ ಹಳದಿ ಲೋಟ ಸುಮ್ಮನೆ ಕೂತಿದೆಯಲ್ಲ ಅತ್ತಿಗೆ, ಅದನ್ನೇ ಇವನಿಗೆ ಕೊಡಿ" ಎಂದೆ. ಅತ್ತಿಗೆ ಕೇಳಿಸದವರ ಹಾಗೆ ಎದ್ದುಹೋದರು. ಮಾರನೆಯ ದಿನ ಪೇಟೆಯಿಂದ ಗೆರೆಗೆರೆಯ ಲೋಟವೊಂದು ಬಂತು. ನನ್ನ ಮಗ ಇವತ್ತಿಗೂ ಅಜ್ಜಿಮನೆಯಲ್ಲಿ ಗೆರೆಗೆರೆಯವನೇ. ಹಿತ್ತಿಲಿನ ಹಳದಿ ಬಕೆಟ್ಟಿನ ಕಥೆಯೂ ಇದೇ. ಸದಾ ಅದರಲ್ಲಿ ನೀರು ತುಂಬಿರುತ್ತದೆ, ಯಾರೂ ಮುಟ್ಟುವಂತಿಲ್ಲ. ಒಮ್ಮೆ ಅಣ್ಣ ಆ ನೀರಿನಲ್ಲಿ ಬೈಕು ತೊಳೆದನೆಂದು ಎರಡು ಹೊತ್ತು ಮಾತು ಬಿಟ್ಟಿದ್ದರು.

ಆಗಲೇ ಅಣ್ಣನಿಗೆ ಶಾಸನದಲ್ಲೊಂದು ತೂತು ಕಂಡಿದ್ದು. "ನಂಗೆ ಹಸ್ರು ಕೊಡ್ನಿಲ್ಲ, ಬಾಳೇದು ಅಂದೆ. ಹಳ್ದಿ ಅರಿಸ್ನದ್ದು ಅಲ್ವಾ? ಮತ್ತೆ ಅಪ್ಪಂಗೆ ಯಂಗ್ ಕೊಟ್ಟೆ? ಒಂದು ಬಣ್ಣಕ್ಕೆ ಎಲ್ಡು ವಸ್ತು ಆಗ್ನಿಲ್ವಾ?"

"ಸಾರು ಉಕ್ಕತಾ ಅದೆ" ಎಂದು ಅತ್ತಿಗೆ ಒಳಗೆ ಹೋದರು. ಒಲೆ ಹಚ್ಚಿಯೇ ಇರಲಿಲ್ಲ. ಶಾಸನ ಬರೆದವರೇ ಸಿಕ್ಕಿಬಿದ್ದರೆಂದು ಅಣ್ಣ ವಾರಗಟ್ಟಲೆ ಮೀಸೆ ತಿರುವಿದ.

ಈಗ ಕೇಳಿ ಹಳದಿಯ ನಿಜವಾದ ರಂಪ. ಕಂಪನಿಗೆ ನಮ್ಮ ಗುಂಡ್ಲುಪೇಟೆಯಲ್ಲೊಂದು ಶಾಖೆಯಿದೆ. ಅಲ್ಲಿನ ಮ್ಯಾನೇಜರು ತಮ್ಮದೇ ಒಂದು ಡ್ಯಾಶ್‌ಬೋರ್ಡು ಮಾಡಿಸಿಕೊಂಡಿದ್ದರು. ಅದರಲ್ಲಿ ಪುಟಕ್ಕೊಂದು ಬಣ್ಣ, ಪುಟಕ್ಕೊಂದು ಅಕ್ಷರ. ಅದನ್ನು ನೋಡಿ ಬಂದ ರಾತ್ರಿ ಅತ್ತಿಗೆಗೆ ಜ್ವರ ಬಂದಿತ್ತೆಂದು ಅವ್ವ ಹೇಳುತ್ತಾಳೆ. ಮ್ಯಾನೇಜರ ಟೀವಿಯಲ್ಲಿ ಹಳದಿ ಅಂದರೆ ಚೆಂಡುಹೂ. ಗುಂಡ್ಲುಪೇಟೆಯವರಿಗೆ ಹಳದಿ ಅಂದರೆ ಇನ್ನೇನು ನೆನಪಾಗುತ್ತದೆ? ಊಟಿ ರಸ್ತೆಯ ಎರಡೂ ಕಡೆ ಮಳೆಗಾಲದಲ್ಲಿ ಅದೇ ತಾನೇ ಕಾಣುವುದು!

ಓಣಂ ಹತ್ತಿರ ಬಂದಿತ್ತು. ಬಣ್ಣದ ಕಾರ್ಖಾನೆಯವರ ಜೊತೆಗೆ ಕೇರಳದ ವ್ಯಾಪಾರಿಗಳೂ ಹೂವಿಗೆ ಬರುವ ಕಾಲ. ಗುಂಡ್ಲುಪೇಟೆಯ ಮ್ಯಾನೇಜರು ಚಾಮರಾಜನಗರದ ಕಡೆಯ ಹೂವಿಗೂ ಲಾರಿ ಕಳಿಸಲೆಂದು ಅತ್ತಿಗೆಯ ಡ್ಯಾಶ್‌ಬೋರ್ಡು ತೆರೆದರು. ಉಡಿಗಾಲದ ಹೆಸರಿನ ಮೇಲೆ ಎತ್ತರಕ್ಕೆ ನಿಂತ ಹಳದಿ ಕಂಬ ಕಂಡಿತು. ಅಕ್ಷರ ಯಾರು ಓದುತ್ತಾರೆ? ಹೂವು ರಾಶಿ ಬಿದ್ದಿದೆ ಎಂದುಕೊಂಡು ಇದ್ದ ಒಂದು ಲಾರಿಯನ್ನೂ ಅಲ್ಲಿಗೆ ಓಡಿಸಿದರು. ಸ್ವಲ್ಪ ಹೊತ್ತಿಗೆ ಡ್ರೈವರನ ಫೋನು: "ಸಾ, ಇಲ್ಲಿ ಊವ ಇಲ್ಲ ಕಣಾ. ಅರಿಸ್ನದ ಮೂಟೆ ಅವೆ. ಮೂಸಿ ನೋಡ್ದೆ, ಗ್ಯಾರಂಟಿ ಅರಿಸ್ನವೇ."

ಅತ್ತ ಗುಂಡ್ಲುಪೇಟೆಯಲ್ಲಿ ಕಿತ್ತಿಟ್ಟ ಹೂವೆಲ್ಲ ಲಾರಿ ಕಾದು ಕಾದು ಬಾಡಿತು. ಇದಕ್ಕೆ ಮಾತ್ರ ಯಾರಿಗೂ ನಗು ಬರಲಿಲ್ಲ.

ಕಂಪನಿಯ ಅಧ್ಯಕ್ಷರು ಹರವೆಯ ರೈತರು, ನೇರ ಮಾತಿನವರು. ಅತ್ತಿಗೆಯನ್ನೂ ಮ್ಯಾನೇಜರನ್ನೂ ಕರೆಸಿ ಹೇಳಿದರು: "ಎಲ್ಡೂ ಕಡೆ ಒಂದೇ ಬಣ್ಣ ಆಗ್ಬೇಕು. ಗುಂಡ್ಲುಪೇಟೆ ರೈತ್ರ ಸಭೇಲಿ ತೀರ್ಮಾನ ಮಾಡ್ಬುಡಿ. ಆಗ್ನಿಲ್ಲ ಅಂದ್ರೆ ಟೀವಿ ಮುಚ್ಬುಟ್ಟು, ಮೊದ್ಲಿನಂಗೆ ಫೋನ್ಲೇ ಕೇಳ್ಕಂಡು ಲಾರಿ ಕಳ್ಸನ. ನೀನು ತೂಕದ ಮೇಜ್ಗೆ ಓಗವ್ವ."

ಸೀದ ಅನ್ನದ ತಪಸ್ಸೆಲ್ಲ ನೀರುಪಾಲಾಗುವ ಹೊತ್ತು. ಅತ್ತಿಗೆ ಸಂಧಾನಕ್ಕೆ ಇಳಿದರು. ಮ್ಯಾನೇಜರು ಅಕ್ಷರ ದೊಡ್ಡದಿರಲಿ ಎಂದರು, ಅತ್ತಿಗೆ ದೊಡ್ಡದು ಮಾಡಿದರು. ತಲೆಬರಹ ನಡುವಿನಲ್ಲಿರಲಿ ಎಂದರು, ಸರಿಸಿದರು. ಕೊನೆಗೆ ಹೂವಿಗೆ ಹಳದಿಯೊಂದನ್ನು ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ನಿಮ್ಮ ಥೀಮೇ ಇರಲಿ ಎಂದರು.

"ಬ್ಯಾರೆ ಏನಾರ ಕೇಳಿ, ಕೊಡ್ತೀನಿ. ಹಳ್ದಿ ಕೊಡಕ್ಕಿಲ್ಲ."

ಅಣ್ಣ ಬೇಡಿಕೊಂಡ, ಅವ್ವ ಬುದ್ಧಿ ಹೇಳಿದಳು. ಒಂದು ಬಣ್ಣಕ್ಕಾಗಿ ಕೆಲಸವನ್ನೇ ಒತ್ತೆಯಿಡುವ ಹಠ ಯಾವ ಸೀಮೆಯದು ಎಂದು ನಾನೂ ಫೋನಿನಲ್ಲಿ ಬೈದೆ.

ಸಭೆಯ ದಿನ ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಶಾಮಿಯಾನದ ತುಂಬ ಹೂ ಬೆಳೆಯುವವರು. ಮ್ಯಾನೇಜರು ನಮ್ಮ ಹೂವು, ನಮ್ಮ ಹಳದಿ, ನಮ್ಮ ಮಣ್ಣು ಎಂದು ಭಾಷಣ ಬಿಗಿದರು. ಚಪ್ಪಾಳೆಯೋ ಚಪ್ಪಾಳೆ. ಅತ್ತಿಗೆಯ ಕಥೆ ಮುಗಿಯಿತು ಎಂದುಕೊಂಡೆ. ಅವರು ಎದ್ದು ಟೀವಿಯ ಕಡೆಗೂ ಹೋಗದೆ, ಮೊದಲ ಸಾಲಿನಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಒಬ್ಬ ಮುದುಕಿಯ ಮುಂದೆ ನಿಂತರು.

"ಅಜ್ಜಿ, ಕಾರ್ಖಾನೆ ಲಾರಿ ಬಂದ್ರೆ ಮೊದ್ಲು ಯಾವ ಊವ ತಕ್ಕತಾರೆ?"

"ಕೆಂಡದಂಗಿರಾದ ಕಣವ್ವ. ಬಿಳುಚ್ಕಂಡಿರಾ ಹಳ್ದೀವ ಕಂಡ್ರೆ ಮೂತಿ ತಿರುಗುಸ್ತಾರೆ."

"ಮತ್ತೆ ಟೀವೀಲಿ ನಿನ್ ಊವ ಯಾವ ಬಣ್ಣದಲ್ಲಿ ಕಾಣ್ಬೇಕು?"

ಮುದುಕಿ ಜಗಿಯುವುದನ್ನು ನಿಲ್ಲಿಸಿ ಮ್ಯಾನೇಜರನ್ನು ದುರುಗುಟ್ಟಿ ನೋಡಿದಳು. "ಅಲ್ಲ ಕಣಪ್ಪ, ಊರ್ಗೆಲ್ಲ ಕಾಣಂಗೆ ನಮ್ ಊವ ಬಿಳುಚ್ಕಂಡದೆ ಅಂತ ತೋರ್ಸಕ್ಕೆ ಒಂಟಿದ್ದೀಯಾ?"

ಶಾಮಿಯಾನ ತಿರುಗಿಬಿತ್ತು. ಕೆಂಡದ ಬಣ್ಣವೇ ಇರಲಿ ಎಂದು ಎಲ್ಲರೂ ಕೈಯೆತ್ತಿದರು. ಮ್ಯಾನೇಜರು ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು. ಅದೂ ಹಳದಿಯದೇ!

ಮಗನನ್ನು ಕರೆದುಕೊಂಡು ಅತ್ತಿಗೆಯ ಜೊತೆ ನಾನೂ ಚಾಮರಾಜನಗರದ ಬಸ್ಸು ಹತ್ತಿದೆ. ಅವರು ಗೆದ್ದ ಖುಷಿ ನನಗೇ ಜಾಸ್ತಿಯಾಗಿತ್ತು. ತಡೆಯಲಾರದೆ ಕೇಳಿದೆ: "ಹಳದಿಗೆ ಇಷ್ಟು ಹೊಡೆದಾಡಿದಿರಲ್ಲ ಅತ್ತಿಗೆ, ಅಣ್ಣ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಅಪ್ಪನಿಗೂ ಹಳದಿ, ಅರಿಶಿನಕ್ಕೂ ಹಳದಿ. ನಿಮ್ಮ ಶಾಸನ ಏನಾಯ್ತು?"

ಅತ್ತಿಗೆ ಕಿಟಕಿಯ ಆಚೆ ನೋಡುತ್ತಿದ್ದರು. ತಿರುಗದೆಯೇ ಹೇಳಿದರು:

"ಮಾವನೂ ಅರಿಸ್ನನೂ ಎಲ್ಡಾ ಕಣಮ್ಮಿ?"

ಉಡಿಗಾಲದ ಹೊಲದಲ್ಲಿ ಅಪ್ಪ ಅರಿಶಿನವಲ್ಲದೆ ಬೇರೆ ಬೆಳೆದದ್ದು ನಾನು ಕಾಣೆ. ಬೇಯಿಸಿ, ಒಣಗಿಸಿ, ಉಜ್ಜಿ ಮನೆಗೆ ಬಂದರೆ ಅಪ್ಪ ಮುಟ್ಟಿದ್ದೆಲ್ಲ ಹಳದಿ. ಬಾಗಿಲ ಚಿಲಕ ಹಳದಿ, ಅವ್ವ ಕೊಟ್ಟ ತಟ್ಟೆಯ ಅಂಚು ಹಳದಿ. ನನ್ನ ಮದುವೆಯಲ್ಲಿ ಕೈ ಹಿಡಿದು ಧಾರೆಯೆರೆದಾಗಲೂ ಉಗುರಿನ ಸಂದಿಯಲ್ಲಿ ಹಳದಿಯಿತ್ತು. ಅಪ್ಪ ಹೊಲದಿಂದ ಬಂದವರೇ ಹಿತ್ತಿಲಿನ ಆ ಹಳದಿ ಬಕೆಟ್ಟಿನಲ್ಲೇ ಕೈಕಾಲು ತೊಳೆಯುತ್ತಿದ್ದರು. ಬರುವ ಹೊತ್ತಿಗೆ ನೀರು ತುಂಬಿಸಿಡುತ್ತಿದ್ದದ್ದು ಅತ್ತಿಗೆ. ಹೆತ್ತ ಮಗಳಾದ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಅತ್ತಿಗೆಯ ಕೈ ಹಿಡಿದುಕೊಂಡು ಕೂತೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಣ್ಣ ಬಾಗಿಲಲ್ಲೇ, "ಗೆದ್ಲಾ?" ಎಂದ. ಅತ್ತಿಗೆ ಸುಸ್ತಾಗಿ ಅವ್ವನ ಪಕ್ಕ ಕೂತುಬಿಟ್ಟರು. ನಾನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಬೆಳಿಗ್ಗೆ ಸಭೆಯ ಗಡಿಬಿಡಿಯಲ್ಲಿ ಮರೆತಿದ್ದರೇನೋ, ಹಳದಿ ಬಕೆಟ್ಟಿನಲ್ಲಿ ನೀರಿರಲಿಲ್ಲ. ನಲ್ಲಿ ತಿರುಗಿಸಿ ತುಂಬಿಸಿಟ್ಟೆ.