ಕಾರ್ಡ್ ಕೇಳದೆ ಕೊಟ್ಟ ಮಗು

ಊರು ಬಿಟ್ಟು ದೂರ ಬಂದು ನೆಲೆಸಿದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ವೈದ್ಯರು ಅದಕ್ಕಿನ್ನೂ ಹೆಸರಿಟ್ಟಿಲ್ಲ, ಔಷಧವಂತೂ ದೂರದ ಮಾತು. ಜನಜಂಗುಳಿಯ ನಡುವೆ ಎಲ್ಲಿಂದಲೋ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಬುದ್ಧಿ ರಜೆ ಹಾಕಿ ಹೊರಟುಹೋಗುತ್ತದೆ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಕನ್ನಡದಲ್ಲಿ ಮಾತಾಡಿಸುತ್ತ ಹತ್ತಿರ ಬಂದರೆ ನಾವು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಅದೇ ಮನುಷ್ಯ ದಿಲ್ಲಿಯ ಮೆಟ್ರೊದಲ್ಲಿ ನಿಂತು ಫೋನಿನಲ್ಲಿ "ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯ್ತು ಕಣೇ" ಅಂದರೆ, ಅವನ ಸಾರಿನ ಚಿಂತೆ ನಮ್ಮದಾಗುತ್ತದೆ. ಸ್ವಲ್ಪ ಬೆಲ್ಲ ಹಾಕಿ ಎಂದು ಸಲಹೆ ಕೊಟ್ಟು, ಅವನು ಇಳಿಯುವಷ್ಟರಲ್ಲಿ ಅವನ ಮಾವನ ಮನೆ ಯಾವ ಊರೆಂದು ತಿಳಿದುಕೊಂಡಿರುತ್ತೇವೆ.

ನನಗಂತೂ ಈ ಕಾಯಿಲೆ ಉಲ್ಬಣಿಸಿದ ಸ್ಥಿತಿಯಲ್ಲಿದೆ. ಜನಕಪುರಿಯ ನಮ್ಮ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರಗಳು ಎರಡಿವೆ. ಮೊದಲನೆಯದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಎರಡನೆಯದನ್ನು ಮಾರಲು ಬಂದವನು ಹಾವೇರಿಯವನು. ನನ್ನ ಹೆಂಡತಿ ವಿಮಲಾ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅಧಿಕಾರಿ. ಅವಳ ವರ್ಗಾವಣೆಯಾದಾಗ ಮಂಚ, ಬೀರುಗಳ ಜೊತೆಗೆ ನಾನೂ ದಿಲ್ಲಿಗೆ ಬಂದೆ. ಎರಡನೆಯ ಯಂತ್ರ ಕಂಡ ದಿನ ಅವಳು ಒಂದೇ ಮಾತು ಹೇಳಿದಳು: "ನಿಮ್ಮನ್ನ ಯಾರಾದ್ರೂ ಕನ್ನಡದಲ್ಲಿ ಕರೆದ್ರೆ ಬಾವಿಗೂ ಹಾರ್ತೀರಿ." ನಾನು ನಕ್ಕೆ. ಹಾರುವವನು ನಾನೊಬ್ಬನೇ ಆಗಿದ್ದರೆ ನಗುವುದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಗಣಿತದ ಮೇಷ್ಟ್ರು. ಜನಕಪುರಿಯಲ್ಲಿ ಮೆಟ್ರೊ ಹತ್ತಿ, ದಿಲ್ಲಿಯನ್ನು ಈ ತುದಿಯಿಂದ ಆ ತುದಿಗೆ ದಾಟಿ, ಘಾಜಿಯಾಬಾದಿನ ಒಂದು ಖಾಸಗಿ ಶಾಲೆಗೆ ಹೋಗುತ್ತೇನೆ. ಅಲ್ಲಿ ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸವೆಂದರೆ ಶಾಲೆ ಬಿಡುವ ಹೊತ್ತಿನಲ್ಲಿ ಗೇಟು ಕಾಯುವುದು. ಒಳಗೆ ಸಾಲಾಗಿ ನಿಂತ ಹಳದಿ ಬಸ್ಸುಗಳು, ಹೊರಗೆ ಒಂದರ ಮೂತಿಗೊಂದು ಮೂತಿ ತಾಗಿಸಿಕೊಂಡ ಇ-ರಿಕ್ಷಾಗಳು, ಛೋಲೆ-ಕುಲ್ಚೆ ಗಾಡಿಯ ಹೊಗೆ, ಬಿಸಿಲಿಗೆ ದುಪಟ್ಟಾ ಹೊದ್ದ ತಾಯಂದಿರು, ಹಾರ್ನು. ಇವೆಲ್ಲದರ ನಡುವೆ ನೀರಿನ ಬಾಟಲಿ ಕಳೆದುಕೊಂಡು ಅಳುವ ಮಗುವನ್ನೂ, ಆ ಬಾಟಲಿಯಿಂದ ಇನ್ನೊಬ್ಬನಿಗೆ ಹೊಡೆಯುತ್ತಿರುವ ಮಗುವನ್ನೂ ಹುಡುಕಿ ತಂದು ಅವರವರ ಬಸ್ಸಿಗೆ ಹತ್ತಿಸಬೇಕು.

ಈ ಸಾಮ್ರಾಜ್ಯಕ್ಕೆ ಒಡತಿ ಛಡ್ಡಾ ಮೇಡಂ. ಬಸ್ಸುಗಳ ಉಸ್ತುವಾರಿ ಅವರದು. ಕೈಯಲ್ಲಿ ವಾಕಿ-ಟಾಕಿ, ಕೊರಳಲ್ಲಿ ಸೀಟಿ. ಬಸ್ಸಿನಲ್ಲಿ ಹೋಗದೆ ಮನೆಯವರ ಜೊತೆ ಹೋಗುವ ಮಗುವನ್ನು ಬಿಡಬೇಕಾದರೆ ಬಂದವರು ಗುಲಾಬಿ ಬಣ್ಣದ ಕಾರ್ಡ್ ತೋರಿಸಬೇಕು. ಅದರಲ್ಲಿ ಅವರ ಫೋಟೊ ಇರಬೇಕು. ಒಮ್ಮೆ ಒಬ್ಬ ತಂದೆ ಕಾರ್ಡ್ ಮರೆತು ಬಂದಿದ್ದ. ಮಗ ಓಡಿಬಂದು "ಪಾಪಾ" ಎಂದು ಅವನ ಕೊರಳಿಗೆ ಜೋತುಬಿದ್ದ. ಇಬ್ಬರ ಮುಖವೂ ಮೂಗೂ ಅಚ್ಚೊತ್ತಿದಂತಿದ್ದವು. ಛಡ್ಡಾ ಮೇಡಂ ಮಗುವನ್ನು ಕೊರಳಿನಿಂದ ಬಿಡಿಸಿಕೊಂಡು, "ಬಚ್ಚೆ ಕೆ ಬೋಲ್ನೆ ಸೆ ಕ್ಯಾ ಹೋತಾ ಹೈ? ಕಾರ್ಡ್ ದಿಖಾಯಿಯೇ" ಅಂದರು. ಮಗು ಹೇಳಿದರೆ ಏನಾಯಿತು, ಕಾರ್ಡ್ ಹೇಳಬೇಕು! ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಈಗ ಆ ಅಭಿನಯ ನಿಲ್ಲಿಸಿದ್ದೇನೆ.

ಇಂಗ್ಲಿಷಿನಲ್ಲಿ ಪಾಠ ಮಾಡುತ್ತೇನೆ, ಹಿಂದಿಯಲ್ಲಿ ಗದರುತ್ತೇನೆ. ಆದರೆ ಎಣಿಸುವುದು ಮಾತ್ರ ನನಗೆ ಕನ್ನಡದಲ್ಲೇ ಬರುವುದು. ಬಸ್ಸಿನ ಸಾಲಿನಲ್ಲಿ ಮಕ್ಕಳ ತಲೆ ಮುಟ್ಟುತ್ತ "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸುವುದು ಅಭ್ಯಾಸ. ಎರಡನೇ ಕ್ಲಾಸಿನ ವಿಹಾನ್ ಎಂಬ ಹುಡುಗನೊಬ್ಬ ನಾನು ಎಣಿಸುವಾಗಲೆಲ್ಲ ಸಾಲು ಬಿಟ್ಟು ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ. ಎಣಿಕೆ ತಪ್ಪುತ್ತಿತ್ತು. ತಂಟೆಕೋರನೆಂದುಕೊಂಡು ದಿನವೂ ಭುಜ ಹಿಡಿದು ಸಾಲಿಗೆ ತಿರುಗಿ ಸೇರಿಸುತ್ತಿದ್ದೆ. ಅವನೂ ಬೇಸರಪಟ್ಟುಕೊಳ್ಳದೆ ಮರುದಿನ ಮತ್ತೆ ಬರುತ್ತಿದ್ದ.

ಚಳಿ ಕಳೆದು ಬಿಸಿಲು ಹಿತವಾಗಿದ್ದ ಒಂದು ಮಧ್ಯಾಹ್ನ ಹೀಗೆಯೇ ಎಣಿಸುತ್ತಿದ್ದೆ. ಗೇಟಿನ ಕಬ್ಬಿಣದ ಸರಳುಗಳ ಆಚೆಯಿಂದ ಒಂದು ದನಿ: "ಸಾರ್, ನೀವು ನಮ್ಮ ಕಡೆಯೋರಾ?"

ತಿರುಗಿ ನೋಡಿದೆ. ಹತ್ತಿಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡ ಒಬ್ಬ ಹಿರಿಯ ಹೆಂಗಸು ಸರಳುಗಳನ್ನು ಹಿಡಿದು ನಿಂತಿದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ನನ್ನ ಬುದ್ಧಿ ಅಲ್ಲಿಗೇ ರಜೆ ಹಾಕಿತು. ಅವರು ಹಿರಿಯೂರಿನ ಕಡೆಯವರು, ಹೆಸರು ಸರೋಜಮ್ಮ. ನನ್ನ ಸೋದರತ್ತೆಯನ್ನು ಕೊಟ್ಟದ್ದು ಹಿರಿಯೂರಿಗೇ. ಅಲ್ಲಿನ ನೀರು, ಬದನೆಕಾಯಿ, ಅತ್ತೆಯ ಮನೆ ಇದ್ದ ಬೀದಿ ಎಲ್ಲವನ್ನೂ ಮಾತಾಡಿದೆವು. ಇಲ್ಲೇ ಹತ್ತಿರದಲ್ಲಿ ತಂಗಿಯ ಮಗ ಫ್ಲ್ಯಾಟ್ ಮಾಡಿಕೊಂಡಿದ್ದಾನಂತೆ, ಅವನ ಮಗುವಿನ ನಾಮಕರಣಕ್ಕೆ ಬಂದಿದ್ದಾರಂತೆ. "ನಮ್ಮ ವಿಹಾನ್ ಇಲ್ಲೇ ಓದೋದು. ನನ್ನ ಮಗಳ ಮಗ. ನೋಡೋಣ ಅಂತ ಬಂದೆ" ಅಂದರು. ನಾನು ಎಲ್ಲವನ್ನೂ ಕೇಳಿದೆ, ಕಾರ್ಡ್ ಒಂದನ್ನು ಬಿಟ್ಟು.

ಅವರು ಹೇಳಿದ್ದು "ನೋಡೋಣ ಅಂತ ಬಂದೆ" ಎಂದು. ಕರೆದುಕೊಂಡು ಹೋಗಲು ಬಂದಿದ್ದೇನೆ ಎನ್ನಲಿಲ್ಲ. ಇದನ್ನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಆದರೆ ಆ ಕ್ಷಣದಲ್ಲಿ ನಾನು ಬೇರೆಯವರ ಮಗುವನ್ನು ಕೊಟ್ಟು ದಾನಶೂರ ಕರ್ಣನಾಗಿಬಿಟ್ಟೆ. "ಇಲ್ಲಿವರೆಗೂ ಬಂದು ಸರಳಿನ ಆಚೆ ನಿಲ್ತೀರಾ? ಛೆ ಛೆ!" ಎಂದು ವಿಹಾನನನ್ನು ಸಾಲಿನಿಂದ ಕರೆದು, ಚಿಕ್ಕ ಗೇಟು ತೆಗೆಸಿ, ಅವನ ಕೈಯನ್ನು ಅವರ ಕೈಯಲ್ಲಿಟ್ಟೆ. ಹುಡುಗ ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಅವರು "ಏನೋ ಬಂಗಾರ" ಅಂದದ್ದೇ ತಡ, ಅವನು ನನ್ನ ಕಡೆ ತಿರುಗಿಯೂ ನೋಡದೆ ಹೊರಟ. ಛಡ್ಡಾ ಮೇಡಂ ಆಗ ಕೆಟ್ಟುನಿಂತ ಬಸ್ಸೊಂದರ ಡ್ರೈವರನ ಜೊತೆ ಜಗಳವಾಡುತ್ತಿದ್ದರು. ನನಗೆ ಆ ದಿನ ಅನ್ನ ತಿಂದದ್ದು ಸಾರ್ಥಕವಾಯಿತೆನ್ನಿಸಿತು.

ಸ್ವಲ್ಪ ಹೊತ್ತಿಗೆ ಛಡ್ಡಾ ಮೇಡಂ ನನ್ನ ಕಡೆ ಬಂದರು. ವಿಹಾನನ ಬಸ್ಸಿನ ಆಯಾ ಅವನು ಬಂದಿಲ್ಲವೆಂದು ಹೇಳಿದ್ದಳು. ಮಗು ಬಸ್ ಹತ್ತಿಲ್ಲವೆಂಬ ಸಂದೇಶ ಆಗಲೇ ಅವನ ತಂದೆಯ ಫೋನಿಗೂ ಹೋಗಿತ್ತು. "ಅವನ ಅಜ್ಜಿ ಬಂದಿದ್ರು, ಕಳಿಸಿದೆ" ಎಂದು ನಾನು ಹಿಂದಿಯಲ್ಲಿ ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಮುಖ ಬಿಳುಪೇರಿತು. "ಸರ್‌ಜೀ, ಉಸ್ ಬಚ್ಚೆ ಕಿ ಮಾ ನಹೀ ಹೈ. ತನ್ನನ್ನು ಬಿಟ್ಟು ಯಾರಿಗೂ ಕೊಡಬಾರದು ಅಂತ ತಂದೆ ಬರೆದುಕೊಟ್ಟಿದ್ದಾರೆ." ತಾಯಿ ಇಲ್ಲದ ಮಗು ಎಂಬುದು ನನಗೆ ಗೊತ್ತಿರಲಿಲ್ಲ. ಹಿರಿಯೂರಿನ ಬದನೆಕಾಯಿಯ ವಿಷಯ ಅಷ್ಟು ಮಾತಾಡಿದವನು ಅವರ ಮಗಳು ಹೇಗಿದ್ದಾಳೆಂದು ಕೇಳಿರಲಿಲ್ಲ.

ರಸ್ತೆಗೆ ಓಡಿದೆ. ಇ-ರಿಕ್ಷಾಗಳ ಒಳಗೆಲ್ಲ ಬಗ್ಗಿ ನೋಡಿದೆ. ಒಬ್ಬ ಭಯ್ಯಾ "ಕಹಾ ಜಾನಾ ಹೈ?" ಎಂದು ಕೇಳಿದ; ಎಲ್ಲಿಗೆಂದು ನನಗೇ ಗೊತ್ತಿರಲಿಲ್ಲ. ಹೆತ್ತವರ ಸಂಕಟ ಅಂದರೇನೆಂದು ಮಕ್ಕಳಿಲ್ಲದ ನನಗೆ ಅವತ್ತು ಆ ರಸ್ತೆಯಲ್ಲಿ ತಿಳಿಯಿತು. "ಅಮ್ಮಾ! ಸರೋಜಮ್ಮಾ!" ಎಂದು ಘಾಜಿಯಾಬಾದಿನ ನಡುಬೀದಿಯಲ್ಲಿ ಕಿರುಚಿದೆ. ಛೋಲೆ-ಕುಲ್ಚೆ ಗಾಡಿಯ ಹಿಂದಿನಿಂದ "ಇಲ್ಲೇ ಇದೀವಿ ಸಾರ್" ಎಂಬ ಉತ್ತರ ಬಂತು.

ಶಾಲೆಯ ಕಾಂಪೌಂಡಿಗೆ ಒರಗಿದ ಕಟ್ಟೆಯ ಮೇಲೆ ಅಜ್ಜಿ-ಮೊಮ್ಮಗ ಕೂತಿದ್ದರು. ಬಟ್ಟೆಯ ಚೀಲ ಬಿಚ್ಚಿತ್ತು. ಅವರು ನಿಪ್ಪಟ್ಟು ಮುರಿದು "ಆ ಮಾಡು" ಎನ್ನುವುದು, ಅವನು ಬಾಯಿ ತೆರೆಯುವುದು ನಡೆದಿತ್ತು. "ಔರ್ ಹೈ ಕ್ಯಾ?" ಇನ್ನೂ ಇದೆಯಾ ಎಂದು ಅವನು ಚೀಲದೊಳಗೆ ಇಣುಕುತ್ತಿದ್ದ. ನನ್ನನ್ನು ಕಂಡು ಅವರು ಸಂಕೋಚದಿಂದ ಎದ್ದುನಿಂತರು. "ನಾನು ದೂರದಿಂದ ನೋಡಿ ಹೋಗೋಣ ಅಂತ ಬಂದೋಳು. ವಾರದಿಂದ ಹಾಗೇ ಬಂದು ನೋಡಿ ಹೋಗ್ತಿದ್ದೆ. ನೀವು ಕೈಗೇ ಕೊಟ್ಬಿಟ್ರಿ. ಇವನ ಮನೆ ಎಲ್ಲಿದೆಯೋ ನಂಗೆ ಗೊತ್ತಿಲ್ಲ. ಯಾರಿಗೆ ವಾಪಸ್ ಕೊಡ್ಬೇಕು ಅಂತ ತಿಳೀದೆ ಕೂತಿದ್ದೆ ಸಾರ್."

ತಂದೆ ಬರುವವರೆಗೆ ಅಲ್ಲೇ ನಿಂತೆವು. ಅಷ್ಟರಲ್ಲಿ ಉಳಿದದ್ದನ್ನೂ ಅವರು ಹೇಳಿದರು. ಮಗಳು ತೀರಿಹೋದಾಗ ಹುಡುಗ ಇನ್ನೂ ಚಿಕ್ಕವನು. ಕಾರ್ಯ ಮುಗಿದ ದಿನವೇ ಇವರು ಹಿಂದಿ ಬಲ್ಲ ನೆಂಟರೊಬ್ಬರ ಬಾಯಲ್ಲಿ ಅಳಿಯನ ಬಳಿ, ಮಗುವನ್ನು ನಮಗೆ ಕೊಡಿ, ಊರಲ್ಲಿ ಸಾಕುತ್ತೇವೆ ಎಂದು ಕೇಳಿದ್ದರು. ಕಸಿದುಕೊಳ್ಳುತ್ತಾರೆಂದು ಅಳಿಯ ಹೆದರಿದರು. ಫೋನ್ ನಿಂತಿತು, ಮನೆ ಬದಲಾಯಿತು. ಶಾಲೆ ಮಾತ್ರ ಬದಲಾಗಿರಲಿಲ್ಲ. ಮಗಳೇ ಸೇರಿಸಿದ್ದ ಶಾಲೆ. "ಅವಳು ಇವನಿಗೆ ತುತ್ತು ಎಣಿಸ್ತಾ ಊಟ ಮಾಡಿಸ್ತಿದ್ಲು. ನೀವು ಒಂದು, ಎರಡು ಅನ್ನೋವಾಗ ಬಂದು ನಿಲ್ತಾನಲ್ಲ, ನೋಡಿದೀನಿ" ಅಂದರು. ನಾನು ಹುಡುಗನ ಭುಜದ ಕಡೆ ನೋಡಿದೆ. ದಿನವೂ ಹಿಡಿದು ಸಾಲಿಗೆ ತಳ್ಳುತ್ತಿದ್ದ ಭುಜ. ತುಂಬ ದುಃಖವಾಯಿತು.

ತಂದೆ ಕೊರಳಿನ ಕಚೇರಿ ಗುರುತುಚೀಟಿಯನ್ನೂ ತೆಗೆಯದೆ ಓಡಿಬಂದರು. ಮಗನನ್ನು ಎತ್ತಿಕೊಂಡರು. ಅವರಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ ಬಾರದು. ಮೊದಲೆಲ್ಲ ಮಧ್ಯೆ ನಿಂತು ಹೇಳುತ್ತಿದ್ದವಳು ಈಗ ಇರಲಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

"ಇನ್ಸೆ ಪೂಛಿಯೇ, ಮೇರೆ ಪಾಸ್ ಔರ್ ಕ್ಯಾ ಹೈ?" ಅಂದರು ಅವರು.

"ಅವರಿಗೆ ಇವನನ್ನು ಬಿಟ್ಟು ಇನ್ನೇನಿದೆ ಅಂತ ಕೇಳ್ತಿದಾರಮ್ಮ" ಅಂದೆ.

"ನಂಗೇನಿದೆ ಅಂತ ನೀವೂ ಕೇಳಿ ಸಾರ್" ಅಂದರು ಸರೋಜಮ್ಮ.

ಅದನ್ನೂ ಹೇಳಿದೆ. ಸಂಧಾನ ಮಾಡಬಲ್ಲ ಯಾರಾದರೂ ಅಲ್ಲಿದ್ದಿದ್ದರೆ ಅಲ್ಲೇ ಏನಾದರೊಂದು ಬಗೆಹರಿಯುತ್ತಿತ್ತೋ ಏನೋ. ಇದ್ದವನು ನಾನು. ಲೆಕ್ಕದ ಮೇಷ್ಟ್ರು, ಅದೂ ತಪ್ಪಿತಸ್ಥ. ತಂದೆ ಮಗನನ್ನು ಹೆಗಲಿಗೇರಿಸಿಕೊಂಡು ಹೊರಟರು. ಹುಡುಗ ಅವರ ಹೆಗಲ ಮೇಲಿಂದ ನಿಪ್ಪಟ್ಟಿನ ಚೀಲವನ್ನೇ ನೋಡುತ್ತಿದ್ದ.

ನನಗೆ ಮೆಮೊ ಬಂತು. ಕೊಡಬೇಕಾದದ್ದೇ. ಆ ದಿನ ಗೇಟಿನಲ್ಲಿ ಕನ್ನಡ ಮಾತಾಡಿದವರು ಸರೋಜಮ್ಮನಲ್ಲದೆ ಬೇರೆ ಯಾರಾದರೂ ಆಗಿದ್ದರೆ? ಈ ಪ್ರಶ್ನೆ ಈಗಲೂ ಪಾಠದ ಮಧ್ಯೆ ಬಂದು ಚಾಕ್‌ಪೀಸ್ ಹಿಡಿದ ಕೈಯನ್ನು ನಿಲ್ಲಿಸುತ್ತದೆ. ಛಡ್ಡಾ ಮೇಡಂ ಹೇಳುತ್ತಿದ್ದುದೆಲ್ಲ ಸರಿ. ಶಿಕ್ಷೆಯಾಗಿ ನನ್ನನ್ನು ಗೇಟಿನಿಂದ ತೆಗೆಯುತ್ತಾರೆಂದುಕೊಂಡಿದ್ದೆ. ಬದಲಿಗೆ ಖಾಯಂ ಮಾಡಿದರು. ಒಮ್ಮೆ ಸುಟ್ಟುಕೊಂಡವನು ಹುಷಾರಾಗಿರುತ್ತಾನೆ ಎಂಬುದು ಪ್ರಿನ್ಸಿಪಾಲರ ಲೆಕ್ಕಾಚಾರ. ಜೊತೆಗೆ, ಹೊರಗಿನವರು ಮಕ್ಕಳನ್ನು ನೋಡದಂತೆ ಸರಳುಗಳ ಉದ್ದಕ್ಕೂ ಹಸಿರು ತಗಡು ಹೊಡೆಸಿದರು. ಕಾರ್ಡ್ ನೋಡಲು ಚಿಕ್ಕ ಗೇಟಿನಲ್ಲಿ ಒಂದು ಕಿಂಡಿ ಮಾತ್ರ ಉಳಿಯಿತು.

ತಗಡು ಹೊಡೆಸಿದ ದಿನದ ಸಂಜೆ ವಿಮಲಾಳಿಗೆ ಎಲ್ಲ ಹೇಳಿದೆ. ಬಾವಿಯ ಮಾತು ತೆಗೆಯುತ್ತಾಳೆಂದು ಕಾದೆ, ತೆಗೆಯಲಿಲ್ಲ. "ಪಾಪ, ಸರಳಿನ ಸಂದಿಯಿಂದಾದ್ರೂ ನೋಡ್ತಿದ್ರು" ಅಂದಳು. ನಾನು ಮಾಡಿದ್ದೇನೆಂಬುದು ಆಗ ಪೂರ್ತಿ ತಿಳಿಯಿತು. ಅವರಿಗಿದ್ದದ್ದೇ ಅಷ್ಟು. ಇನ್ನಷ್ಟು ಕೊಡಲು ಹೋಗಿ ಅದನ್ನೂ ಕಳೆದಿದ್ದೆ.

ಕೆಲವು ದಿನಗಳ ಮೇಲೆ ಬಸ್ಸುಗಳು ಹೊರಡುವ ಹೊತ್ತಿಗೆ ಕಿಂಡಿಯ ಆಚೆ ವಿಭೂತಿಯ ಹಣೆ ಕಂಡಿತು. "ಸಾರ್, ನಾಳೆ ಊರಿಗೆ ಹೊರಡ್ತೀನಿ. ದೂರದಿಂದಲೇ ಒಂದ್ಸಲ..." ಅಂದರು. ಛಡ್ಡಾ ಮೇಡಂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸೀಟಿ ಅವರ ಬಾಯಲ್ಲಿತ್ತು. ಅವರಿಗೆ ಕನ್ನಡ ತಿಳಿಯುವುದಿಲ್ಲ, ಆದರೆ ನಾನು ಕನ್ನಡ ಮಾತಾಡುತ್ತಿದ್ದೇನೆಂಬುದು ತಿಳಿಯುತ್ತದೆ. ಕನ್ನಡದಲ್ಲಿ ಇಲ್ಲ ಎನ್ನಲು ನನಗೆ ಬರುವುದಿಲ್ಲವೆಂಬುದು ನನಗೂ ತಿಳಿದಿತ್ತು.

"ಮಾತಾಜಿ, ಕಾರ್ಡ್ ದಿಖಾಯಿಯೇ" ಅಂದೆ.

ಅವರು ಕಿಂಡಿಯಿಂದ ನನ್ನ ಮುಖ ನೋಡಿದರು. ಗುರುತು ಸಿಗದೇ ಇರಲಿಲ್ಲ. ಮೆಲ್ಲಗೆ, "ತಪ್ಪಾಯ್ತು ಸಾರ್. ನಮ್ಮೋರು ಅನ್ಕೊಂಡು ಮಾತಾಡಿಸ್ದೆ" ಅಂದರು. ಪರಿಚಯವೇ ಇಲ್ಲದವರಂತೆ ನಟಿಸಿ ನನ್ನನ್ನು ಪಾರುಮಾಡಲು ಆಡಿದ ಮಾತು ಅದು. ಆಮೇಲೆ ತಂಗಿಯ ಮಗನ ಮನೆಯಲ್ಲಿ ಕಲಿತಿದ್ದ ನಾಲ್ಕು ಹಿಂದಿ ಶಬ್ದಗಳನ್ನು ಒಂದೊಂದಾಗಿ ಹುಡುಕಿ, ಮಗು ಬಸ್ಸಿನಲ್ಲಿ ಕೂತನೇ ಎಂದು ಕೇಳಿದರು: "ಬಚ್ಚಾ... ಬಸ್ ಮೆ... ಬೈಠಾ?"

"ಹಾ ಜೀ, ಬೈಠ್ ಗಯಾ" ಅಂದೆ. ಅಷ್ಟಕ್ಕೆ ನಿಲ್ಲಿಸಲಾಗದೆ, "ಖಿಡ್ಕಿ ಕೆ ಪಾಸ್" ಎಂದು ಸೇರಿಸಿದೆ. ಕಿಟಕಿಯ ಪಕ್ಕ ಎಂದು ಅವರಿಗೆ ಅರ್ಥವಾಯಿತೋ ಇಲ್ಲವೋ. ತಲೆಯಾಡಿಸಿ ಹೋದರು.

ಛಡ್ಡಾ ಮೇಡಂ ಸೀಟಿ ತೆಗೆದು ನನ್ನ ಬೆನ್ನು ತಟ್ಟಿದರು. "ವೆರಿ ಗುಡ್, ಸರ್‌ಜೀ! ಅಬ್ ಆಪ್ ಪಕ್ಕೆ ಹೋ ಗಯೇ." ಈಗ ನಾನು ಪಕ್ಕಾ ಆದೆನಂತೆ. ನಾನು "ಥ್ಯಾಂಕ್ಯೂ ಮೇಡಂ" ಅಂದೆ. ಯಾರಾದರೂ ಹೊಗಳಿದಾಗ ಹಾಗೆ ಹೇಳಬೇಕೆಂದು ಮಕ್ಕಳಿಗೆ ಕಲಿಸುವವನೂ ನಾನೇ.