ಎಚ್‌ಡಿ ಟಿವಿಗೆ ಮಾಡಿದ ಪೂಜೆ

ಎಚ್‌ಡಿ ಟಿವಿಯ ವಿಷಯದಲ್ಲಿ ನಮ್ಮೂರು ಸಂಶಿಯಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ. ನನ್ನ ಕಿರಾಣಿ ಅಂಗಡಿಗೆ ಸಾಸಿವೆ ಕೇಳಲು ಬಂದವರಿಗೂ ಇದನ್ನು ಹೇಳಿಯೇ ಕಳಿಸುತ್ತಿದ್ದೆ!

ಮಗಳು ಗೌರಿ ಭಾನುವಾರ ಸಂಜೆ ಟಿವಿಯಲ್ಲಿ ನೇರಪ್ರಸಾರದಲ್ಲಿ ಹಾಡುವವಳಿದ್ದಳು. ಅದಕ್ಕಾಗಿ ಆಗಲೇ ಹುಬ್ಬಳ್ಳಿಗೆ ಹೋಗಿದ್ದಳು. ಅವಳನ್ನು ಅಗದಿ ಸ್ವಚ್ಛವಾಗಿ ನೋಡಬೇಕೆಂದು ಓಣಿಯವರನ್ನೆಲ್ಲ ಮನೆಗೆ ಕರೆದೆ. ಆಮೇಲೆ ಟಿವಿ ತರಲು ಕುಂದಗೋಳಕ್ಕೆ ಹೋದೆ.

ಅಂಗಡಿಯವನು ಚಿತ್ರ ತೋರಿಸಲು ಬಂದ.

"ಚಿತ್ರ ಇರ್ಲಿ, ಹಿಂದ ತಿರುಗಸ್ರಿ. ಎಚ್‌ಡಿಎಂಐ ತೂತು ಎಷ್ಟದಾವ?" ಎಂದೆ.

"ಮೂರದಾವ್ರಿ. ಚಿತ್ರ, ಧ್ವನಿ ಎಲ್ಲಾ ಇದರಾಗಿಂದನ ಬರೂದು. ಮುಂದ ಪರದೆಗೆ ಮಾತ್ರ ಏನೂ ಹಚ್ಚಬ್ಯಾಡ್ರಿ. ಕೂಡಸಾಕ ನಮ್ಮ ಮನಷ್ಯಾನ್ನ ಕಳಸ್ಲೇನ್ರಿ?"

"ಒಂದ ವಾಯರ್ ಚುಚ್ಚಾಕ ಮನಷ್ಯಾ ಯಾಕ್ರೀ!" ಎಂದೆ. ಎಲ್ಲ ನಾನೇ ಕೂಡಿಸುತ್ತೇನೆಂದು ಗೌರಿಗೂ ಫೋನಿನಲ್ಲಿ ಹೇಳಿದೆ.

ಭಾನುವಾರ ಸಂಜೆ ಪಡಸಾಲೆ ತುಂಬಿತು. ನಾನು ಹೊಸ ಸೆಟ್‌ಟಾಪ್ ಬಾಕ್ಸಿನ ವಾಯರ್ ಕೈಗೆತ್ತಿಕೊಂಡೆ. ಹೆಂಡತಿ ಪಾರ್ವತಿ ತಡೆದಳು.

"ಪೂಜಿ ಮಾಡದ ಹೆಂಗ ಹಚ್ತೀರಿ? ಟ್ರ್ಯಾಕ್ಟರಿಗೆ ಮಾಡ್ತೀವಿ, ಇದಕ್ಕ ಬ್ಯಾಡೇನು?"

ಮಾತು ನ್ಯಾಯವಾದದ್ದೇ. ಆದರೆ ಪರದೆಗೆ ಏನೂ ಹಚ್ಚುವಂತಿಲ್ಲ. ನಾನು ಗಂಭೀರವಾಗಿ ವಿಚಾರ ಮಾಡಿದೆ. ಚಿತ್ರ, ಧ್ವನಿ ಎಲ್ಲ ಬರುವುದು ಹಿಂದಿನಿಂದಲೇ ಅಂದಮೇಲೆ ಪೂಜೆಯೂ ಅಲ್ಲೇ ಸಲ್ಲಬೇಕು! ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಮೂರೂ ತೂತುಗಳ ಮೇಲೆ ಭಕ್ತಿಯಿಂದ ಎಳೆದೆ. ನಡುವೆ ಕುಂಕುಮ. ಎಲ್ಲರೂ ಕೈ ಮುಗಿದರು.

ವಾಯರ್ ಒಳಗೆ ಹೋಗಲಿಲ್ಲ. ಜೋರಾಗಿ ಒತ್ತಿದೆ. ವಾಯರಿಗಿಂತ ಮುಂದಾಗಿ ವಿಭೂತಿ ಒಳಗೆ ಹೋಯಿತು! ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂದು ಬಂತು. ಅಕ್ಷರಗಳು ಮಾತ್ರ ಬಹಳ ಸ್ವಚ್ಛವಾಗಿದ್ದವು. ಉಳಿದೆರಡು ತೂತುಗಳದ್ದೂ ಅದೇ ಹಾಡು.

"ನನ್ನ ಮಗಳ ಹಾಡು ಮುಗದ ಹೋಗ್ತೈತ್ರೀ!" ಎಂದು ಪಾರ್ವತಿ ಅಳುವ ಹಾಗಾದಳು. ನಾನು ಸೂಜಿ ಹಿಡಿದು ಕೆದಕತೊಡಗಿದೆ.

ಬಾಜೂಮನಿ ಗಂಗವ್ವ ಎದ್ದಳು. "ನಡೀರಿ, ನಮ್ಮನ್ಯಾಗ ನೋಡೂಣು. ನಮ್ಮ ಟಿವಿಗೆ ಯಾರೂ ಪೂಜಿ ಮಾಡಿಲ್ಲ, ಅದಕ್ಕ ಛಲೋ ನಡದೈತಿ!"

ಪಡಸಾಲೆ ಖಾಲಿಯಾಯಿತು. ಮುಂದೆ ಹೆಂಡತಿ, ಹಿಂದೆ ಓಣಿ! ಸ್ವಲ್ಪ ಹೊತ್ತು ಮಾನ ಹಿಡಿದು ಕೂತೆ. ಗೋಡೆಯಾಚೆಯಿಂದ ಗೌರಿಯ ದನಿ ಕೇಳಿದ್ದೇ ತಡ, ಮಾನ ಬಿಟ್ಟು ಓಡಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಹೊರಗೆ ನಿಂತೆ. ಎಷ್ಟು ಚಂದ ಹಾಡಿದಳೆಂದರೆ, ಕೈಯಲ್ಲಿ ಇನ್ನೂ ಸೂಜಿ ಇದ್ದದ್ದನ್ನೇ ಮರೆತೆ.

ಹಾಡು ಮುಗಿದ ಮೇಲೆ ನಿರೂಪಕಿ ಕೇಳಿದಳು: "ಮನೆಯಲ್ಲಿ ಎಲ್ಲರೂ ನೋಡ್ತಿದ್ದಾರಾ?"

"ಹೌದ್ರಿ! ನಮ್ಮಪ್ಪ ಇದಕ್ಕಂತನ ಹೊಸಾ ಎಚ್‌ಡಿ ಟಿವಿ ತಂದಾರ. ಎಲ್ಲಾ ತಾವ ಕೂಡಿಸ್ಯಾರ. ಈಗ ಅದರ ಮುಂದನ ಕುಂತಿರ್ತಾರ!"

ಇಡೀ ಓಣಿ ಕಿಟಕಿಯ ಕಡೆ ತಿರುಗಿತು. ನಾನು ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಒಳಗ ಬರ್ರಿ, ಎಚ್‌ಡಿ ಸಾಹೇಬ್ರ!" ಎಂದಳು ಗಂಗವ್ವ.

ಬಾಗಿಲ ಹತ್ತಿರ, ಚಪ್ಪಲಿಗಳ ನಡುವೆ ಒಂದಿಷ್ಟು ಜಾಗ ಸಿಕ್ಕಿತು.