ಹತ್ತು ನಿಮಿಷಕ್ಕೊಮ್ಮೆ ಹಾಜರಿ

ಊರಿನ ನಲ್ಲಿಗಳೆಲ್ಲ ಸೋರಿದರೂ ಫೈಲುರಾಯರಿಗೆ ಚಿಂತೆಯಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರಿಗೆ (ಫೈಲುರಾಯರೆಂಬ ಬಿರುದು ಸಹೋದ್ಯೋಗಿಗಳ ಕೊಡುಗೆ) ಸೋರುವುದೇ ಅನ್ನ. ಅವರ ಚಿಂತೆ ಬೇರೆ. ಇಪ್ಪತ್ತೆರಡು ವರ್ಷ ಕುರ್ಚಿ ಸವೆಸಿದ ಮೇಲೆ, ಸೂಪರಿಂಟೆಂಡೆಂಟ್ ಆಗಬೇಕಾದರೆ ಆಡಳಿತ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಈ ವರ್ಷ ಪದವಿ ಸಿಗದಿದ್ದರೆ ಆ ಹುದ್ದೆ ಪಕ್ಕದ ಮೇಜಿನ ಕಿರಿಯನ ಪಾಲು.

"ಆನ್‌ಲೈನಲ್ಲಿ ಮಾಡಿದ್ರಾಯ್ತು, ಕೂತಲ್ಲೇ ವಿಶ್ವವಿದ್ಯಾಲಯ," ಎಂದು ರಾಯರು ಮನೆಯಲ್ಲಿ ಘೋಷಿಸಿದರು.

ಮೂರನೆಯ ಪಾಠದ ಹೊತ್ತಿಗೆ ಕೂತಲ್ಲೇ ಎಂಬುದು ಮಲಗಿದಲ್ಲೇ ಆಯಿತು. ಪ್ರಾಧ್ಯಾಪಕರು ಪರದೆಯ ಮೇಲಿದ್ದುದನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಆ ಧ್ವನಿಗೆ ಎಂಥ ನಿದ್ರಾಹೀನನೂ ಶರಣು. ಒಂದೇ ತೊಂದರೆಯೆಂದರೆ ಹತ್ತು ನಿಮಿಷಕ್ಕೊಮ್ಮೆ 'ಇದ್ದೀರಾ?' ಎಂಬ ಪ್ರಶ್ನೆ ಮೂಡುತ್ತಿತ್ತು. 'ಇದ್ದೇನೆ' ಎಂದು ಒತ್ತದಿದ್ದರೆ ಹಾಜರಿ ಖೋತಾ.

ಲ್ಯಾಪ್‌ಟಾಪ್ ಅಡುಗೆಮನೆಗೆ ವರ್ಗವಾಯಿತು. ಹೆಂಡತಿ ತರಕಾರಿ ಹೆಚ್ಚುತ್ತ, ಒದ್ದೆ ಕೈ ಒರೆಸಿಕೊಂಡು, ಗಂಡನ ಅಸ್ತಿತ್ವವನ್ನು ಹತ್ತು ನಿಮಿಷಕ್ಕೊಮ್ಮೆ ದೃಢೀಕರಿಸತೊಡಗಿದಳು. ಪಕ್ಕದಲ್ಲೇ ಸಿಂಕಿನ ನಲ್ಲಿ ಮೂರು ತಿಂಗಳಿಂದ ಸೋರುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಬಾಯಿಮಾತಿನ ದೂರು ಸ್ವೀಕರಿಸುವ ಪದ್ಧತಿ ರಾಯರಲ್ಲಿರಲಿಲ್ಲ. ಕೇಳಿದಾಗಲೆಲ್ಲ, "ಬರೆದು ಕೊಡು," ಎನ್ನುತ್ತಿದ್ದರು.

ಒಂದು ಭಾನುವಾರ ಹೆಂಡತಿ ಬಂದು ಎಬ್ಬಿಸಿದಳು.

"ರೀ, ನೀವು ಕೊಟ್ಟ ಪ್ರಬಂಧ ಟೈಪ್ ಮಾಡಿದೆ. ಎರಡು ಸಾವಿರ ಪದ ಬೇಕಂತೆ, ಮುನ್ನೂರು ಕಮ್ಮಿ ಬಿದ್ದಿದೆ."

"ಏನಾದ್ರೂ ತುಂಬು."

"ಓದೋರಿಗೆ ಗೊತ್ತಾಗಲ್ವಾ?"

"ಓದೋರು ಯಾರಿದ್ದಾರೆ? ಕಂಪ್ಯೂಟರ್ ಪದ ಎಣಿಸಿ ಅಂಕ ಕೊಡುತ್ತೆ," ಎಂದು ರಾಯರು ಮಗ್ಗುಲು ಬದಲಿಸಿದರು.

ಅವಳು ತುಂಬಿದಳು. ಹತ್ತಕ್ಕೆ ಒಂಬತ್ತು ಬಂತು, ಜೊತೆಗೆ 'ಅತ್ಯುತ್ತಮ' ಎಂಬ ಷರಾ. ರಾಯರು ತಮ್ಮ ಪಾಂಡಿತ್ಯಕ್ಕೆ ತಾವೇ ತಲೆದೂಗಿದರು. ಏನು ತುಂಬಿದೆಯೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉಳಿದದ್ದು ಮೌಖಿಕ ಪರೀಕ್ಷೆ. ರಾಯರು ಕೋಟು ತೊಟ್ಟು (ಕೆಳಗೆ ಪೈಜಾಮ, ಕ್ಯಾಮೆರಾ ಅಷ್ಟು ಕೆಳಗೆ ನೋಡುವುದಿಲ್ಲ) ಹಜಾರದಲ್ಲಿ ಕೂತರು. ಪರದೆಯಲ್ಲಿ ಪರೀಕ್ಷಕಿ ಕನ್ನಡಕ ಏರಿಸಿಕೊಂಡರು.

"ಕಂಪ್ಯೂಟರ್ ಕೊಟ್ಟ ಅಂಕದ ಮೇಲೆ ನಂಗೆ ನಂಬಿಕೆ ಇಲ್ಲ. ನಾನು ಎಲ್ಲಾ ಪ್ರಬಂಧಾನೂ ಓದ್ತೀನಿ. ಹಳೇ ಚಟ," ಎಂದರು.

ಇಂಥ ಚಟದವರು ಇನ್ನೂ ಇದ್ದಾರೆಂದು ರಾಯರಿಗೆ ಯಾರೂ ಹೇಳಿರಲಿಲ್ಲ.

"ನಿಮ್ಮ ಮೊದಲ ಆರು ಪುಟ ಇನ್ನೂ ಹದಿನಾಲ್ಕು ಜನ ಬರೆದಿದ್ದಾರೆ, ಅದನ್ನ ಬಿಡಿ. ಏಳನೇ ಪುಟ ಮಾತ್ರ ಸ್ವಂತದ್ದು. ಅಲ್ಲೊಬ್ಬ ಅಧಿಕಾರಿ ಬರ್ತಾರೆ. ಊರವರ ದೂರೆಲ್ಲ ಬರ್ಕೋತಾರೆ, ಕಣ್ಣೆದುರಿನ ಕೆಲಸ ಮೂರು ತಿಂಗಳಾದ್ರೂ ಮಾಡಲ್ಲ. ತಮ್ಮ ಹಾಜರೀನೂ ಬೇರೆಯವರ ಕೈಲಿ ಹಾಕಿಸ್ತಾರೆ. ಅವರ ಬಗ್ಗೆ ನಿಮ್ಮ ಅಭಿಪ್ರಾಯ?"

ರಾಯರಿಗೆ ಈ ಅಧಿಕಾರಿಯ ಪರಿಚಯವಿರಲಿಲ್ಲ. ಆದರೆ ಪರಿಚಯವಿಲ್ಲದವರನ್ನು ಖಂಡಿಸುವುದು ಸುಲಭ.

"ಇಂಥವರಿಂದಲೇ ಮೇಡಂ ವ್ಯವಸ್ಥೆ ಹಾಳಾಗಿರೋದು."

"ಬಡ್ತಿ ಕೊಡಬಹುದಾ?"

"ಸುತರಾಂ ಕೊಡಬಾರದು. ಮೊದಲು ಆ ಕೆಲಸ ಮಾಡಿ ತೋರಿಸ್ಲಿ."

ಪರೀಕ್ಷಕಿ ಅದನ್ನು ಬರೆದುಕೊಂಡು, ಏಳನೇ ಪುಟದ ಕೊನೆಯ ಸಾಲು ಓದಿದರು. "'ಈ ಅಧಿಕಾರಿ ನಮ್ಮ ಯಜಮಾನರು. ಸದ್ಯ ಒಳಗೆ ಮಲಗಿದ್ದಾರೆ.'"

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು ಹಜಾರಕ್ಕೆ ಸ್ಪಷ್ಟವಾಗಿ ಕೇಳಿಸಿತು.

ವಾರದಲ್ಲಿ ಫಲಿತಾಂಶ ಬಂತು: 'ಅನುತ್ತೀರ್ಣ. ಅಭ್ಯರ್ಥಿಯ ಅಭಿಪ್ರಾಯಕ್ಕೆ ಪರೀಕ್ಷಕರ ಪೂರ್ಣ ಸಹಮತವಿದೆ.' ಜೊತೆಗೆ ಏಳನೇ ಪುಟ ಬರೆದವರಿಗೆಂದು ಒಂದು ಪ್ರವೇಶದ ಅರ್ಜಿ.

"ಎಂಥ ಕೆಲಸ ಮಾಡಿದೆಯೇ," ಎಂದು ರಾಯರು ತಲೆಯ ಮೇಲೆ ಕೈಹೊತ್ತರು.

"ಬರೆದು ಕೊಡು ಅಂದಿದ್ರಲ್ಲ, ಬರೆದು ಕೊಟ್ಟೆ."

ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಈಗ ಕಿರಿಯನಿದ್ದಾನೆ. ರಾಯರಿಗೆ ಹೊಟ್ಟೆ ಉರಿಯುತ್ತದೆ, ಆದರೂ ನಮಸ್ಕಾರ ಹೇಳುತ್ತಾರೆ. ಲ್ಯಾಪ್‌ಟಾಪ್ ಹಜಾರಕ್ಕೆ ಮರಳಿದೆ. ಹೆಂಡತಿ ಟಿಪ್ಪಣಿ ಬರೆದುಕೊಳ್ಳುತ್ತ ಪಾಠ ಕೇಳುತ್ತಾಳೆ, ತನ್ನ ಹಾಜರಿ ತಾನೇ ಒತ್ತುತ್ತಾಳೆ. ರಾಯರು ಸ್ಪ್ಯಾನರ್ ಹಿಡಿದು ಸಿಂಕಿನ ಮುಂದೆ ನಿಂತಿರುತ್ತಾರೆ. ವಾಷರ್ ಬದಲಿಸುವಲ್ಲಿ ಇದು ಅವರ ಐದನೆಯ ಪ್ರಯತ್ನ. ಹತ್ತು ನಿಮಿಷಕ್ಕೊಮ್ಮೆ ಹಜಾರದಿಂದ ಕೂಗು ಬರುತ್ತದೆ.

"ರೀ, ಇದ್ದೀರಾ?"

"ಇದ್ದೀನಿ," ಎನ್ನುತ್ತಾರೆ ರಾಯರು.